ಎಣ್ಣೆಯಲ್ಲಿ ನೀರು

ಮಂಗಳವಾರ ಬೆಳಿಗ್ಗೆ ಮಾರ್ಸಿ ಫೋನ್ ಮಾಡಿದಾಗ ನಾನು ಏಲಕ್ಕಿ ಬ್ರೆಡ್ಡನ್ನು ಎರಡನೇ ಲೋಟ ಕಾಫಿಗೆ ಅದ್ದುತ್ತಾ ಕೂತಿದ್ದೆ. ಮಾರ್ಸಿ ನಮ್ಮ ಕಡೆಯ ಕಿಡ್ನಿ ರೋಗಿಗಳನ್ನು ಪಟ್ಟಣದ ಆಸ್ಪತ್ರೆಯ ಡಯಾಲಿಸಿಸ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮತ್ತೆ ಮನೆಗೆ ತಂದುಬಿಡುವ ವ್ಯಾನಿನ ಡ್ರೈವರು. ನನ್ನ ಅಕ್ಕ ಎಲ್ವಿಯನ್ನು ಸೋಮವಾರ, ಬುಧವಾರ, ಶುಕ್ರವಾರ ಒಯ್ಯುವವಳು ಅವಳೇ.

"ಆರ್ವಿಡ್ ಮಾಮ, ನಿಮ್ಮಕ್ಕನ ಮನೆ ಹಾದಿ ಇನ್ನೂ ತೆಗೆದಿಲ್ಲ, ನಿಮಗೆ ಗೊತ್ತಾ?" ಎಂದಳು. "ಶುಕ್ರವಾರ ಬಿರುಗಾಳಿ, ನಾನೇ ಹೊರಟಿರ್ಲಿಲ್ಲ. ನಿನ್ನೆ ಹೋದ್ರೆ ಹಾದಿ ಬಾಯಲ್ಲೇ ಸೊಂಟದ ಮಟ್ಟ ಹಿಮ. ಫೋನ್ ಮಾಡಿದ್ರೆ ಟ್ರ್ಯಾಕ್ಟರ್ ಕೆಟ್ಟಿದೆ, ನೀನು ಹೋಗಮ್ಮ ಅಂದ್ರು."

"ನನಗೆ ಒಂದು ಮಾತೂ ಹೇಳಿಲ್ಲ ಅವಳು."

"ನಾಳೆ ಒಂಬತ್ತಕ್ಕೆ ಬರ್ತೀನಿ. ನಾಳೆನೂ ತಪ್ಪಿದ್ರೆ ಪೂರಾ ಒಂದು ವಾರ ಮೀರುತ್ತೆ. ಆಮೇಲೆ ನಾನು ಬರೋದಲ್ಲ ಮಾಮ, ಆಂಬುಲೆನ್ಸು ಬರೋದು. ಅದೂ ಹಾದಿ ಇದ್ರೆ."

ನನಗೆ ಮೈ ಉರಿಯಿತು. ಭಾನುವಾರವಷ್ಟೇ ಫೋನಿನಲ್ಲಿ "ಎಲ್ಲಾ ಸರಿಯಾಗಿದೆ ಕಣೋ" ಎಂದಿದ್ದಳು. ಮಿಶಿಗನ್ನಿನ ಈ ಉತ್ತರದ ಮೂಲೆಗೆ ತಾಮ್ರದ ಗಣಿಗಳ ಕಾಲದಲ್ಲಿ ಬಂದು ನೆಲೆಸಿದ ಫಿನ್‌ಲೆಂಡಿನವರ ಮಕ್ಕಳು ಮೊಮ್ಮಕ್ಕಳು ನಾವು. ಮನೆಗೆ ಬೆಂಕಿ ಬಿದ್ದರೂ ಪಕ್ಕದ ಮನೆಯವರಿಗೆ "ಇವತ್ತು ಸ್ವಲ್ಪ ಬೆಚ್ಚಗಿದೆ" ಎಂದೇ ಹೇಳುವ ಜಾತಿ. ಮೂವತ್ತೊಂದು ವರ್ಷ ಜಿಲ್ಲೆಯ ರಸ್ತೆ ಗ್ಯಾರೇಜಿನಲ್ಲಿ ಹಿಮ ನೂಕುವ ಲಾರಿಗಳನ್ನು ರಿಪೇರಿ ಮಾಡಿದವನು ನಾನು. ಒಡಹುಟ್ಟಿದವಳ ಅಂಗಳದಲ್ಲಿ ಒಂದು ಪುಟಾಣಿ ಟ್ರ್ಯಾಕ್ಟರ್ ಕೆಟ್ಟು ನಿಂತಿದೆ, ಅದು ನನಗೆ ವ್ಯಾನಿನವಳಿಂದ ತಿಳಿಯಬೇಕು. ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಸಲಕರಣೆಗಳ ಪೆಟ್ಟಿಗೆಯನ್ನು ಗಾಡಿಗೆ ಎಸೆದು ಹೊರಟೆ.

ಎಲ್ವಿಯ ಮನೆ ನನ್ನ ಮನೆಯಿಂದ ಮೂರು ಮೈಲಿ. ರಸ್ತೆಯಿಂದ ಅವಳ ಬಾಗಿಲಿಗೆ ಇನ್ನೂರೆಪ್ಪತ್ತು ಅಡಿ ಹಾದಿ, ಎರಡು ಕಡೆಯೂ ಬಂಡೆ ಕಡಿದು ಮಾಡಿದ್ದು. ನೂಕಿದ ಹಿಮ ಬೀಳಲು ಜಾಗವೇ ಇಲ್ಲದ್ದರಿಂದ ಲಾರಿಗೆ ಹಲಗೆ ಕಟ್ಟಿಕೊಂಡು ಬರುವವರು ಆ ಕಡೆ ತಲೆ ಹಾಕುವುದಿಲ್ಲ. ಅಲ್ಲಿ ಹಿಮವನ್ನು ತೂರಿ ಬಂಡೆಯ ಮೇಲಕ್ಕೆ ಎಸೆಯಬೇಕು. ಗುರುವಾರದಿಂದ ಭಾನುವಾರದವರೆಗೆ ಸರೋವರದ ಕಡೆಯಿಂದ ಬಿದ್ದ ಹಿಮ ಅಷ್ಟೂ ಹಾಗೇ ಕೂತಿತ್ತು. ಅದನ್ನು ನನ್ನ ಅರವತ್ಮೂರರ ಬೆನ್ನಿನಲ್ಲಿ ಸಲಿಕೆ ಹಿಡಿದು ತೆಗೆದರೆ ಏಪ್ರಿಲ್ಲಿಗೆ ಮುಗಿಯುತ್ತದೆ, ಅಷ್ಟರಲ್ಲಿ ಅದೇ ಕರಗಿರುತ್ತದೆ. ಹಿಮದಲ್ಲಿ ಹೂತುಹೋಗದ ಅಗಲ ಮೆಟ್ಟು ಕಟ್ಟಿಕೊಂಡು, ಪೆಟ್ಟಿಗೆ ಹೊತ್ತುಕೊಂಡು, ಮೂಗಿನ ಕೂದಲು ಗಟ್ಟಿಯಾಗುವ ಚಳಿಯಲ್ಲಿ ಏದುಸಿರು ಬಿಡುತ್ತಾ ಹತ್ತಿದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಮೂವತ್ತು ವರ್ಷ ಶಾಲೆಯ ಅಡುಗೆಮನೆ ಆಳಿದವಳು, ಈಗಲೂ ಯಾರನ್ನು ಕಂಡರೂ ಸಾಲಿನಲ್ಲಿ ನಿಲ್ಲಿಸುವ ಮುಖ. ಆದರೆ ಅವಳ ಕಾಲಿನಲ್ಲಿ ತೀರಿಹೋದ ಭಾವನ ಬೂಟುಗಳಿದ್ದವು. ಸ್ವಂತ ಬೂಟಿಗೆ ಕಾಲು ಹಿಡಿಸುತ್ತಿರಲಿಲ್ಲ. ಮುಖವೂ ಊದಿತ್ತು.

"ಮಾರ್ಸಿ ಚಾಡಿ ಹೇಳಿದ್ಲಾ?" ಎಂದಳು.

"ನೀನು ಹೇಳ್ಬೇಕಿತ್ತು."

"ನಿನಗ್ಯಾಕೆ ತೊಂದ್ರೆ ಅಂತ."

"ತೊಂದ್ರೆಯಂತೆ. ಗಾಡಿ ಕೆಳಗೆ ನಿಂತಿದೆ. ಮಕ್ಕಳು ಜಾರೋ ಬಂಡಿ ಒಂದು ತರ್ತೀನಿ. ಕಂಬಳಿ ಸುತ್ತಿ ಕೂರಿಸಿ ಎಳ್ಕೊಂಡು ಹೋಗ್ತೀನಿ. ಈಗಲೇ ನಡಿ, ಇವತ್ತೇ ಅಲ್ಲಿಗೆ ಹೋಗಿ ಕೇಳೋಣ."

"ಹೊಡೆದ ಜಿಂಕೆನ ಕಾಡಿಂದ ಎಳ್ಕೊಂಡು ಬಂದ ಹಾಗಾ? ರಸ್ತೇಲಿ ಹೋಗೋರೆಲ್ಲ ನೋಡ್ಲಿ ಅಂತ? ನಡಿಯಪ್ಪಾ ಆ ಕಡೆ. ಇವತ್ತು ನನ್ನ ದಿನ ಅಲ್ಲ. ನಿನ್ನ ಕೈಲಾದ್ರೆ ಟ್ರ್ಯಾಕ್ಟರ್ ಸರಿ ಮಾಡು, ಆಗದಿದ್ರೆ ಕಾಫಿ ಕುಡಿದು ಹೋಗು."

ಅವಳ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಟ್ರ್ಯಾಕ್ಟರ್ ಇದ್ದ ಕಡೆ ಹೋದೆ.

ಅದು ಹೊಲ ಉಳುವ ದೊಡ್ಡ ಟ್ರ್ಯಾಕ್ಟರಲ್ಲ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಿ, ಚಳಿಗಾಲದಲ್ಲಿ ಮೂತಿಗೆ ಬ್ಲೋವರ್ ಕಟ್ಟಿಕೊಂಡು ಹಿಮ ತೂರುವ ತೋಟದ ಟ್ರ್ಯಾಕ್ಟರ್. ಇದರಲ್ಲಿ ಗೇರಿಲ್ಲ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಎಣ್ಣೆಯ ಒತ್ತಡವೇ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಪೆಡಲನ್ನು ಮುಂದೆ ಒತ್ತಿದರೆ ಮುಂದೆ, ಹಿಂದೆ ಒತ್ತಿದರೆ ಹಿಂದೆ. ನಾವೆಲ್ಲ ಇದನ್ನು ಹೈಡ್ರೊ ಎನ್ನುತ್ತೇವೆ. ಗೇರು ಹಾಕಲು ಬಾರದವರೂ ಓಡಿಸಬಹುದು. ಹಾಗೆಂದೇ ಅಕ್ಕ ಈ ವಯಸ್ಸಿನಲ್ಲೂ ತನ್ನ ಹಾದಿಯನ್ನು ತಾನೇ ತೆಗೆದುಕೊಳ್ಳುತ್ತಿದ್ದಳು. ಹಾಗೆ ತೆಗೆದುಕೊಳ್ಳುತ್ತೇನೆಂದು ಜಂಬವನ್ನೂ ಪಡುತ್ತಿದ್ದಳು.

ಟ್ರ್ಯಾಕ್ಟರ್ ನಿಂತಿದ್ದದ್ದು ಸೌನಾ ಮನೆಗೆ ಅಂಟಿಕೊಂಡ ಸೌದೆ ಮಾಡಿನಲ್ಲಿ. ಗೋಡೆಯ ಆ ಕಡೆ ಕಾದ ಕಲ್ಲಿಗೆ ನೀರು ಚೆಲ್ಲಿ ಹಬೆಯಲ್ಲಿ ಬೆವರುವ ಕೋಣೆ, ಈ ಕಡೆ ಸೌದೆ. ಮೊದಲು ಟ್ರ್ಯಾಕ್ಟರನ್ನು ಹಳೆಯ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದೆವು. ಅಲ್ಲಿ ಚಳಿಗೆ ಅದು ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ. ಕಳೆದ ಅಕ್ಟೋಬರಿನಲ್ಲಿ ನಾನೇ ಅದನ್ನು ಇಲ್ಲಿಗೆ ತಂದು, ಸೌನಾದ ಬಿಸಿ ಇದಕ್ಕೂ ತಾಗಲಿ ಎಂದು ಗೋಡೆಯಲ್ಲಿ ಅಡಿ ಅಗಲದ ಕಿಂಡಿ ಕೊರೆದಿದ್ದೆ. ಅದೇ ದಿನ ಹೈಡ್ರೊ ಎಣ್ಣೆ ಬದಲಿಸಿ, ತಾರೀಖನ್ನು ಬಿಳಿ ಬಣ್ಣದಲ್ಲಿ ಟ್ರ್ಯಾಕ್ಟರಿನ ಎಣ್ಣೆ ಡಬ್ಬದ ಮೇಲೆ ಬರೆದಿದ್ದೆ. ನಾನು ಹಾಗೆಲ್ಲ ಬರೆದಿಡುವವನು.

"ಏನು ಮಾಡುತ್ತೆ ಇದು?" ಎಂದು ಕೇಳಿದೆ. ಅಕ್ಕ ಸೌನಾದ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ತೆರೆದ ಬಾಗಿಲಿನಿಂದ ನೋಡುತ್ತಿದ್ದಳು.

"ಸ್ಟಾರ್ಟ್ ಆಗುತ್ತೆ. ಹೊರಗೆ ಹೋಗುತ್ತೆ. ನಲವತ್ತು ಅಡಿ ಹೋಗಿ ನಿಂತ್ಕೊಳ್ಳುತ್ತೆ. ಎಂಜಿನ್ ಓಡ್ತಾನೇ ಇರುತ್ತೆ, ಬ್ಲೋವರೂ ತಿರುಗುತ್ತೆ, ಚಕ್ರ ಮಾತ್ರ ಮುಷ್ಕರ. ಗುರುವಾರ ನಡ್ಕೊಂಡು ವಾಪಸ್ ಬಂದೆ. ಸಂಜೆ ಹೋಗಿ ನೋಡಿದ್ರೆ ಎಂಥದೂ ಆಗಿಲ್ಲ ಅನ್ನೋ ಹಾಗೆ ತೆವಳ್ಕೊಂಡು ಒಳಗೆ ಬಂತು."

ಮೊದಲು ಎಣ್ಣೆಯ ಮಟ್ಟ ನೋಡಿದೆ. ಅಳತೆ ಕಡ್ಡಿಯ ಮೇಲೆ ಗೆರೆಗಿಂತ ಅರ್ಧ ಬೆರಳು ಮೇಲೆ ಇತ್ತು.

"ಎಣ್ಣೆ ಸುರಿದ್ಯಾ ಇದಕ್ಕೆ?"

"ನಾನ್ಯಾಕೆ ಸುರೀಲಿ? ಅದರ ಬಾಯಿ ಎಲ್ಲಿದೆ ಅಂತ್ಲೂ ನನಗೆ ಗೊತ್ತಿಲ್ಲ."

ನಾನು ಗೆರೆ ಮೀರಿ ಎಣ್ಣೆ ಹಾಕುವವನಲ್ಲ. ಇವಳೇ ಹಾಕಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಎಂಜಿನ್ ಶುರು ಮಾಡಿ ಹೊರಗೆ ತೆಗೆದೆ. ಚೆನ್ನಾಗಿಯೇ ಹೋಯಿತು. ಹಿಮವನ್ನು ಬಂಡೆಯ ಮೇಲಕ್ಕೆ ಎರಚುತ್ತಾ ಇಪ್ಪತ್ತು ಅಡಿ, ಮೂವತ್ತು ಅಡಿ. ಆಮೇಲೆ ಕಾಲಿನ ಕೆಳಗೆ ಸಣ್ಣಗೆ ಊಳಿಡುವ ಸದ್ದು ಬಂತು. ವೇಗ ಇಳಿಯಿತು. ಪೆಡಲನ್ನು ಪೂರಾ ಒತ್ತಿದರೂ ಚಕ್ರ ಕದಲಲಿಲ್ಲ. ಎಂಜಿನ್ ಮಾತ್ರ ನೆಮ್ಮದಿಯಾಗಿ ಗುಡುಗುಟ್ಟುತ್ತಿತ್ತು.

ಹಿಂದುಗಡೆ ಒಂದು ಕಡ್ಡಿ ಇದೆ. ಅದನ್ನು ಎಳೆದರೆ ಚಕ್ರ ಪಂಪಿನಿಂದ ಬಿಡುಗಡೆಯಾಗಿ ಟ್ರ್ಯಾಕ್ಟರನ್ನು ಕೈಯಲ್ಲಿ ತಳ್ಳಬಹುದು. ಅದು ಅರ್ಧಕ್ಕೆ ಸಿಕ್ಕಿಕೊಂಡಿದ್ದರೂ ಹೀಗೇ ಆಗುತ್ತದೆ. ನೋಡಿದೆ, ಕಡ್ಡಿ ತನ್ನ ಜಾಗದಲ್ಲೇ ಇತ್ತು. ಬೆಲ್ಟ್ ನೋಡಿದೆ, ಬಿಗಿಯಾಗಿತ್ತು. ಪೆಡಲಿನ ಸರಳು, ಬ್ರೇಕು, ಎಲ್ಲ ಸರಿ. ಚಳಿಗೆ ಎಣ್ಣೆ ಗಟ್ಟಿಯಾಗಿದೆಯೇ ಎಂದರೆ, ಬೆಚ್ಚಗಿನ ಮಾಡಿನಿಂದ ಬಂದು ಇನ್ನೂ ಹತ್ತು ನಿಮಿಷವಾಗಿಲ್ಲ. ಕಡ್ಡಿ ಎಳೆದು, ಮಾಡಿನ ಕಂಬಕ್ಕೆ ಕೈ ರಾಟೆಯ ಸರಪಳಿ ಕಟ್ಟಿ, ಒಂದೊಂದೇ ಹಲ್ಲು ತಿರುಗಿಸುತ್ತಾ ಅದನ್ನು ವಾಪಸ್ ಒಳಗೆ ಎಳೆದುಕೊಂಡೆ. ಅಷ್ಟಕ್ಕೇ ಮುಕ್ಕಾಲು ಗಂಟೆ ಹೋಯಿತು.

ಸೌನಾದ ಒಲೆ ಹಚ್ಚಿ ಮಾಡು ಬೆಚ್ಚಗಾಗಲು ಬಿಟ್ಟು ಒಳಗೆ ಹೋದೆ. ಅಕ್ಕ ನನಗೆ ಕಾಫಿ ಕೊಟ್ಟು ತಾನು ಒಂದು ಚೂರು ಮಂಜುಗಡ್ಡೆಯನ್ನು ಬಾಯಲ್ಲಿಟ್ಟುಕೊಂಡಳು. ಕಿಡ್ನಿ ಕೆಟ್ಟವರು ನೀರನ್ನು ಅಳೆದು ಕುಡಿಯಬೇಕು. ಕುರ್ಚಿಯಿಂದ ಎದ್ದು ಒಲೆಯವರೆಗೆ ಹೋಗುವಷ್ಟರಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ನಾನು ಕಾಣದವನ ಹಾಗೆ ಕಾಫಿ ಊದುತ್ತಾ ಕೂತೆ. ನನಗೆ ಹೆದರಿಕೆಯಾಗಿತ್ತು. ಹೆದರಿಕೆಯಾದಾಗ ನಾನು ಬೈಯುತ್ತೇನೆ, ಟ್ರ್ಯಾಕ್ಟರ್ ಮಾಡಿದ ಕಾರ್ಖಾನೆಯವರ ವಂಶವನ್ನೆಲ್ಲ ಬೈದೆ.

ಎರಡನೇ ಸಲ ನಲವತ್ತೈದು ಅಡಿ ಹೋಯಿತು. ಅದೇ ಊಳು, ಅದೇ ನಿಲುಗಡೆ. ಪಂಪೇ ಸವೆದಿದೆ ಎಂದು ತೀರ್ಮಾನಿಸಿದೆ. ಪಂಪ್ ಹೋದರೆ ಹೊಸದು ಬರಲು ವಾರ ಬೇಕು. ವಾರ ನಮ್ಮ ಹತ್ತಿರ ಇರಲಿಲ್ಲ. ಅಡುಗೆಮನೆಯ ಫೋನಿನಿಂದ ಬಿಡಿಭಾಗದ ಅಂಗಡಿಯ ಪಾಸ್ಕೋಗೆ ಕರೆ ಮಾಡಿದೆ. ಅವನ ಕಡೆಯವರು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗೆ ಬಂದವರು. ನಮ್ಮಿಬ್ಬರಿಗೂ ನಲವತ್ತು ವರ್ಷದಿಂದ ಜಗಳ, ನಲವತ್ತು ವರ್ಷದಿಂದ ಸ್ನೇಹ.

"ಫಿನ್ನಿಗ ನನಗೆ ಫೋನ್ ಮಾಡಿ ಕೇಳ್ತಾ ಇದ್ದಾನೆ ಅಂದ್ರೆ ಲೋಕಕ್ಕೆ ಏನೋ ಕೇಡಾಗಿದೆ," ಎಂದ.

"ಪಂಪ್ ಹೋಗಿದೆ. ಹಳೇದೊಂದು ಬಿದ್ದಿದೆಯಾ ನಿನ್ನ ಹತ್ರ?"

"ಯಾವಾಗ ಕೈ ಕೊಡುತ್ತೆ? ಬಿಸಿಯಾದ ಮೇಲಾ, ತಣ್ಣಗಾದ ಮೇಲಾ?"

"ಒಳಗೆ ಬೆಚ್ಚಗಿದ್ದಾಗ ಸರಿ ಇರುತ್ತೆ. ಹೊರಗೆ ಹತ್ತು ನಿಮಿಷಕ್ಕೆ ನಿಲ್ಲುತ್ತೆ."

ಪಾಸ್ಕೋ ಲೊಚಗುಟ್ಟಿದ. ಅಷ್ಟರಲ್ಲೇ ನನಗೆ ನಾನೆಂಥ ಕತ್ತೆಯೆಂದು ಹೊಳೆಯತೊಡಗಿತು.

"ಸವೆದ ಪಂಪು ಬಿಸಿಯಾದಾಗ ಸಾಯುತ್ತೆ ಕಣಯ್ಯಾ, ಎಣ್ಣೆ ತೆಳ್ಳಗಾಗಿ. ತಣ್ಣಗಿದ್ದಾಗ ಚೆನ್ನಾಗೇ ಎಳೆಯುತ್ತೆ. ನಿಂದು ತಿರುಗಾ ಮುರುಗಾ. ಅದರಲ್ಲಿ ನೀರಿದೆ. ಹೊರಗೆ ಹೋದ ತಕ್ಷಣ ಫಿಲ್ಟರಲ್ಲಿ ಹೆಪ್ಪುಗಟ್ಟುತ್ತೆ, ಪಂಪಿಗೆ ಎಣ್ಣೆ ಸಿಗಲ್ಲ. ಇದನ್ನ ನಾನು ನಿನಗೆ ಹೇಳ್ಬೇಕಾ? ಗ್ಯಾರೇಜಲ್ಲಿ ಮೂವತ್ತು ವರ್ಷ ಏನು ಮಾಡ್ದೆ, ಟೀ ಮಾಡ್ತಿದ್ಯಾ?"

"ಫಿಲ್ಟರೂ ಎಣ್ಣೆನೂ ತೆಗೆದಿಡು. ಬರ್ತೀನಿ," ಎಂದು ಫೋನ್ ಇಟ್ಟೆ.

ಈ ಸಲವೂ ರಾಟೆ ತಿರುಗಿಸಿ ಟ್ರ್ಯಾಕ್ಟರನ್ನು ಒಳಗೆ ತಂದು, ಅದು ಸಾಕಷ್ಟು ಬೆಚ್ಚಗಾಗುವವರೆಗೆ ಕಾದು, ಕೆಳಗೆ ಬಾಣಲೆಯಿಟ್ಟು ತಳದ ಬಿರಡೆ ಬಿಚ್ಚಿದೆ. ಮೊದಲು ಬಂದದ್ದು ಎಣ್ಣೆಯಲ್ಲ, ನೀರು. ಅಪ್ಪಟ ನೀರು, ಒಂದು ದೊಡ್ಡ ಲೋಟದಷ್ಟು. ಹಿಂದೆಯೇ ಹಾಲು ಹೆಚ್ಚಾದ ಕಾಫಿಯ ಬಣ್ಣದ ಎಣ್ಣೆ. ಫಿಲ್ಟರನ್ನು ಗರಗಸದಿಂದ ಕೊಯ್ದೆ. ಅದರ ಮಡಿಕೆಗಳ ಒಳಗೆ ಇನ್ನೂ ಪುಡಿ ಹಿಮ ಇತ್ತು. ಗುರುವಾರ ಸುಮ್ಮನೆ ನಿಂತಿದ್ದಾಗ ಈ ಹಿಮ ಸ್ವಲ್ಪ ಸಡಿಲಗೊಂಡದ್ದಕ್ಕೇ ಅದು ಒಳಗೆ ತೆವಳಿ ಬಂದಿರಬೇಕು.

ಕೆಟ್ಟದ್ದೇನು ಎಂಬುದು ಗೊತ್ತಾಯಿತು. ನೀರು ಎಲ್ಲಿಂದ ಬಂತು ಎಂಬುದು ಗೊತ್ತಾಗಬೇಕಿತ್ತು, ಇಲ್ಲವಾದರೆ ಹೊಸ ಎಣ್ಣೆಗೂ ಅದೇ ಗತಿ. ಆ ಎಣ್ಣೆ ಡಬ್ಬಕ್ಕೆ ಹೊರಗಿನ ಗಾಳಿ ತಾಗುವುದು ಒಂದೇ ಕಡೆ, ಮೇಲಿರುವ ಬೆರಳು ದಪ್ಪದ ಉಸಿರು ತೂತಿನಲ್ಲಿ. ಬಿಸಿಯಾದಾಗ ಅದು ಗಾಳಿಯನ್ನು ಹೊರಗೆ ಬಿಡುತ್ತದೆ, ತಣ್ಣಗಾದಾಗ ಒಳಗೆ ಎಳೆದುಕೊಳ್ಳುತ್ತದೆ. ತಲೆಯೆತ್ತಿ ನೋಡಿದೆ. ಆ ತೂತಿನ ನೇರಕ್ಕೆ, ಮೂರಡಿ ಮೇಲೆ, ನಾನೇ ಕೊರೆದ ಕಿಂಡಿ. ಕಿಂಡಿಯ ಸುತ್ತ ಹಲಗೆ ಕಪ್ಪಾಗಿ ಉಬ್ಬಿತ್ತು. ಬಿಸಿ ಬರಲಿ ಎಂದು ಕೊರೆದದ್ದು, ಹಬೆಯೂ ಬರುತ್ತದೆಂದು ಯೋಚಿಸಿರಲಿಲ್ಲ. ಸೌನಾ ಯಂತ್ರಕ್ಕೂ ಒಳ್ಳೆಯದು ಎಂದು ನಂಬುವ ಮೂರ್ಖತನ ನಮ್ಮ ಜನಕ್ಕಲ್ಲದೆ ಇನ್ನಾರಿಗೂ ಬರಲಾರದು. ಟ್ರ್ಯಾಕ್ಟರನ್ನು ಹಬೆಯಲ್ಲಿ ಕೂರಿಸಿ ಬೆವರಿಸಿದ್ದೆ.

ಆದರೂ ಲೆಕ್ಕ ಸರಿಹೋಗಲಿಲ್ಲ. ಸೌನಾ ಕಾಯಿಸುವುದು ಶನಿವಾರ. ನಾನೂ ಬರುತ್ತೇನೆ, ಇಬ್ಬರೂ ಸರದಿಯಲ್ಲಿ ಬೆವರಿ, ಹುರಿದ ಸಾಸೇಜು ತಿಂದು ಮಲಗುತ್ತೇವೆ. ಕಳೆದ ಶನಿವಾರ ಮಾತ್ರ ಬಿರುಗಾಳಿಗೆ ನಾನು ಬಂದಿರಲಿಲ್ಲ. ಅಕ್ಟೋಬರಿನಿಂದ ಹದಿಮೂರು ಶನಿವಾರ. ಹದಿಮೂರು ಸಲದ ಹಬೆಗೆ ಲೋಟ ತುಂಬಾ ನೀರು ಕೂಡುವುದಿಲ್ಲ. ಎದ್ದು ನಿಂತು ಸುತ್ತ ನೋಡಿದಾಗ ಸೌದೆ ಕಣ್ಣಿಗೆ ಬಿತ್ತು. ಶರತ್ಕಾಲದಲ್ಲಿ ನಾನು ಸೀಳಿ ನಾಲ್ಕು ಸಾಲು ಪೇರಿಸಿದ್ದೆ, ಏಪ್ರಿಲ್‌ವರೆಗೆ ಸಾಲುವಷ್ಟು. ಈಗ ಒಂದು ಸಾಲು, ಅದೂ ಪೂರಾ ಇಲ್ಲ. ಮನೆಗೆ ಗ್ಯಾಸಿನ ಬಿಸಿ ಇದೆ. ಈ ಸೌದೆ ಹೋಗುವುದು ಸೌನಾದ ಒಲೆಗೆ ಮಾತ್ರ.

ಕೈ ಒರೆಸಿಕೊಂಡು ಅಕ್ಕನ ಎದುರಿಗೆ ಬಂದು ಕೂತೆ.

"ಸೌನಾ ವಾರಕ್ಕೆ ಎಷ್ಟು ಸಲ ಕಾಯಿಸ್ತೀಯ?"

"ಶನಿವಾರ. ಎಲ್ಲರ ಹಾಗೆ."

"ಮೂರು ಸಾಲು ಸೌದೆ ಖಾಲಿಯಾಗಿದೆ."

"ಈ ಸಲದ ಸೌದೆ ಹಸಿ. ಬೇಗ ಉರಿದುಹೋಗುತ್ತೆ."

"ಹಸಿ ಸೌದೆ ಬೇಗ ಉರಿಯಲ್ಲ ಕಣೇ, ಉರಿಯೋದೇ ಇಲ್ಲ. ನನಗೇ ಸೌದೆ ಪಾಠ ಹೇಳ್ತೀಯಾ?"

ಅವಳು ಭಾವನ ಬೂಟಿನ ತುದಿಯನ್ನೇ ನೋಡುತ್ತಿದ್ದಳು.

"ದಿನಾ ಕಾಯಿಸ್ತೀನಿ," ಎಂದಳು. "ಬೆವರಿದ್ರೆ ತೂಕ ಇಳಿಯುತ್ತೆ. ಎರಡು ಪೌಂಡು ಇಳಿಯುತ್ತೆ, ತಕ್ಕಡಿ ಇಟ್ಕೊಂಡು ನೋಡಿದ್ದೀನಿ. ಕಾಲು ಹಗುರಾಗುತ್ತೆ. ಆ ಮಿಷನ್ನು ಮಾಡೋದೂ ಅದೇ ಅಲ್ವಾ, ನೀರು ತೆಗೆಯೋದು? ಅದಕ್ಕೇ ಶುಕ್ರವಾರ ಹೋಗೋದು ಬಿಟ್ಟೆ."

"ಯಾವ ಶುಕ್ರವಾರ?"

"ಎಲ್ಲಾ ಶುಕ್ರವಾರ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿಂದ."

"ಅಲ್ಲಿಯವರು ಕೇಳಲ್ವಾ?"

"ಹಾದಿ ತುಂಬಿದೆ ಅಂತ ಬೆಳಿಗ್ಗೆನೇ ಮಾರ್ಸಿಗೆ ಫೋನ್ ಮಾಡ್ತೀನಿ. ಈ ಊರಲ್ಲಿ ಹಿಮ ಅಂದ್ರೆ ಯಾರು ಇಲ್ಲ ಅಂತಾರೆ? ಈ ಸಲ ಟ್ರ್ಯಾಕ್ಟರ್ ನಿಜವಾಗ್ಲೂ ಕೆಟ್ಟಿತು. ಸುಳ್ಳು ಹೇಳೋದು ತಪ್ಪಿತಲ್ಲ ಅಂದ್ಕೊಂಡೆ."

ನಾನು ಕೂಗಾಡಿದೆ. ಏನೇನು ಅಂದೆನೆಂದು ಪೂರಾ ನೆನಪಿಲ್ಲ. ಬೆವರಿನಲ್ಲಿ ನೀರು ಹೋಗಬಹುದು, ರಕ್ತದ ವಿಷ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಮರೆತೆಯಾ ಎಂದೆ. ಕಡೆಗೆ, "ಸಾಯ್ಬೇಕು ಅಂತ ಇದ್ದೀಯಾ?" ಎಂದೆ.

"ಇಲ್ಲ. ಬೆಚ್ಚಗಿರಬೇಕು ಅಂತ ಇದ್ದೀನಿ," ಎಂದಳು. ಅವಳ ದನಿ ಏರಿರಲಿಲ್ಲ. "ನೀನು ಬೆಳಿಗ್ಗೆಯಿಂದ ಆ ಟ್ರ್ಯಾಕ್ಟರ್ ಪಕ್ಕ ಮಂಡಿಯೂರಿ ಕೂತಿದ್ದೀಯ. ಅದರ ಹೊಟ್ಟೇಲಿ ಏನಿದೆ ಅಂತ ಬಾಣಲೆಗೆ ಸುರಿದು ನೋಡ್ದೆ. ಎರಡು ವರ್ಷದಿಂದ ನನ್ನನ್ನೂ ಒಂದು ಮಿಷನ್ನಿಗೆ ಕಟ್ಟಿಹಾಕ್ತಾ ಇದ್ದಾರೆ. ಒಂದು ಸಲ ಬಂದು ನೋಡಿದ್ಯಾ, ಅದು ಹೆಂಗೆ ತಿರುಗುತ್ತೆ ಅಂತ?"

ನಾನು ಹೋಗಿರಲಿಲ್ಲ. ನನ್ನ ಹೆಂಡತಿ ಕೆರಿನ್ ತೀರಿಕೊಂಡದ್ದು ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ. ಡಯಾಲಿಸಿಸ್ ಕೋಣೆ ಅದರ ಕೆಳಗೇ ಇದೆ. ಆರು ವರ್ಷದಿಂದ ನಾನು ಆ ಬೀದಿಯಲ್ಲಿ ಗಾಡಿ ಓಡಿಸಿದರೂ ಆ ಕಡೆ ತಲೆ ತಿರುಗಿಸುವುದಿಲ್ಲ.

"ಆ ಕಟ್ಟಡ ನನಗಾಗಲ್ಲ ಅಂತ ನಿನಗೆ ಗೊತ್ತು."

"ನನಗೂ ಆಗಲ್ಲ."

ಬಾಣಲೆಯ ಎಣ್ಣೆಯನ್ನು ನೋಡುತ್ತಾ ಕೂತೆ. ಆಮೇಲೆ ನನ್ನ ಬಾಯಿಂದ, ನಾನು ಹೇಳಬೇಕೆಂದು ಹೊರಟಿರದ ಮಾತು ಬಂತು. "ನೀನೂ ಹೋದ್ರೆ ನನಗೆ ಯಾರಿದ್ದಾರೆ ಅಕ್ಕಾ?"

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಇಂಥ ಮಾತು ಹೇಳಿದ್ದಿಲ್ಲ. ಅಪ್ಪ ಸತ್ತಾಗಲೂ ಹೇಳಿರಲಿಲ್ಲ. ಅಕ್ಕ ನನ್ನನ್ನೊಮ್ಮೆ ನೋಡಿ ಮುಖ ಆ ಕಡೆ ತಿರುಗಿಸಿದಳು.

"ಹಂಗಿದ್ರೆ ನಾಳೆ ನೀನೂ ಬಾ," ಎಂದಳು. "ನೀನು ಬಂದ್ರೆ ಹೋಗ್ತೀನಿ. ಬರದಿದ್ರೆ ಸೌನಾ ಕಾಯಿಸ್ತೀನಿ."

ನಾನು ಎದ್ದು ಗಾಡಿಯ ಕೀ ತೆಗೆದುಕೊಂಡೆ. ಪಾಸ್ಕೋನ ಅಂಗಡಿಗೆ ಹೋಗಿ ಅವನ ಕುಹಕವನ್ನೆಲ್ಲ ಕೇಳಿಸಿಕೊಂಡು ಫಿಲ್ಟರೂ ಎಣ್ಣೆಯೂ ತಂದೆ. ಮೊದಲು ಒಂದು ಸಲ ಹೊಸ ಎಣ್ಣೆ ಹಾಕಿ, ಹಿಂದಿನ ಚಕ್ರಗಳನ್ನು ಮರದ ದಿಮ್ಮಿಯ ಮೇಲೆ ಎತ್ತಿ ಐದು ನಿಮಿಷ ತಿರುಗಿಸಿ, ಅದನ್ನೂ ಚೆಲ್ಲಿದೆ. ಅದು ಇನ್ನೂ ಮಸುಕಾಗಿತ್ತು. ಎರಡನೇ ಸಲದ್ದು ಸ್ವಚ್ಛವಾಗಿ ಬಂತು. ಮೂರನೇದನ್ನು ಗೆರೆಯವರೆಗೆ ತುಂಬಿ, ಹೊಸ ಫಿಲ್ಟರ್ ಬಿಗಿದು, ಪೆಡಲನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ಗಾಳಿಯನ್ನೆಲ್ಲ ಹೊರಗೆ ಕಳಿಸಿದೆ. ಕಿಂಡಿಗೆ ಹಲಗೆ ಹೊಡೆದು ಮುಚ್ಚಿದೆ. ಮೂರೂವರೆಗೆ ಹೊರಗೆ ತೆಗೆದೆ. ನಲವತ್ತು ಅಡಿ ದಾಟಿತು, ನೂರು ದಾಟಿತು, ಊಳಿಡಲಿಲ್ಲ. ಕತ್ತಲಾಗುವ ಮೊದಲು ರಸ್ತೆ ಮುಟ್ಟಿದೆ. ಅಕ್ಕ ಕಿಟಕಿಯಲ್ಲಿ ನಿಂತಿದ್ದಳು. ಟ್ರ್ಯಾಕ್ಟರನ್ನು ಹಳೆಯ ಕೊಟ್ಟಿಗೆಯಲ್ಲೇ ನಿಲ್ಲಿಸಿ ಮನೆಗೆ ಹೋದೆ.

ಬುಧವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅಕ್ಕನ ಅಂಗಳಕ್ಕೆ ಬಂದೆ. ಅವಳು ಕೋಟು ಹಾಕಿಕೊಂಡು ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಮಾರ್ಸಿಯ ವ್ಯಾನು ಮೇಲೆ ಬಂದಾಗ ಅಕ್ಕನ ತೋಳು ಹಿಡಿದು ಹತ್ತಿಸಿ, ನಾನೂ ಹತ್ತಿದೆ. ಮಾರ್ಸಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ನೀವೂ ಬರ್ತೀರಾ ಮಾಮ?"

"ರಸ್ತೆ ನೋಡ್ಕೊಂಡು ಓಡ್ಸಮ್ಮ," ಎಂದೆ.

ಆಸ್ಪತ್ರೆಯ ಬಾಗಿಲಲ್ಲಿ ಅದೇ ವಾಸನೆ. ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಕ್ಕ ನನ್ನ ತೋಳನ್ನು ಹಿಡಿದೇ ಇದ್ದಳು, ಯಾರು ಯಾರನ್ನು ನಡೆಸಿದರೋ ಗೊತ್ತಿಲ್ಲ. ಸೂಜಿ ಚುಚ್ಚುವವರೆಗೆ ನನ್ನನ್ನು ಹೊರಗೆ ಕೂರಿಸಿದರು. ಆಮೇಲೆ ನರ್ಸ್ ಬಂದು ಒಳಗೆ ಕರೆದಳು. ಗಟ್ಟಿ ಹೆಂಗಸು, ಮಾತು ನೇರ. "ನಿಮ್ಮಕ್ಕ ಒಂದು ವಾರ ಮಾಡಿದ ಘನಂದಾರಿ ಕೆಲಸ ಗೊತ್ತಾ ನಿಮಗೆ? ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಗೊತ್ತಾ? ಎದೆ ಯಾವಾಗ ಬೇಕಾದ್ರೂ ನಿಂತುಹೋಗ್ತಿತ್ತು," ಎಂದಳು. ಗೊತ್ತು ಎಂದೆ.

ಅಕ್ಕ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದಳು. ಪಕ್ಕದಲ್ಲಿ ಮಿಷನ್ನು. ನಾನು ಅದನ್ನೇ ನೋಡಿದೆ, ಬೇರೆ ಎಲ್ಲಿ ನೋಡಬೇಕೆಂದು ತಿಳಿಯದೆ. ಒಂದು ಉರುಳೆ ತಿರುಗುತ್ತಾ ಕೊಳವೆಯನ್ನು ಒತ್ತುತ್ತದೆ, ಅದೇ ಪಂಪು. ಕೂದಲಿಗಿಂತ ಸಣ್ಣ ಕೊಳವೆಗಳು ತುಂಬಿದ ಉದ್ದದ ಫಿಲ್ಟರ್. ಗಾಳಿ ಹೋಗದಂತೆ ಹಿಡಿಯುವ ಒಂದು ಕೊಳಗ. ಹೋಗುವ ಒತ್ತಡಕ್ಕೊಂದು ಅಂಕಿ, ಬರುವ ಒತ್ತಡಕ್ಕೊಂದು ಅಂಕಿ. ಐದೇ ನಿಮಿಷಕ್ಕೆ ನನಗೆ ಪೂರಾ ಅರ್ಥವಾಯಿತು. ಎರಡು ವರ್ಷ ನಾನು ಹೆದರಿ ದೂರ ಇಟ್ಟಿದ್ದು ಇದನ್ನು. ನಾಚಿಕೆಯಾಯಿತು.

ರಕ್ತ ವಾಪಸ್ ಹೋಗುವ ಕೊಳವೆ ಅಕ್ಕನ ತೋಳಿನ ಮೇಲೆ ಹಾದುಹೋಗಿತ್ತು. ಅದನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದೆ. ಗ್ಯಾರೇಜಿನಲ್ಲಿ ಎಲ್ಲ ಕೊಳವೆಗಳನ್ನೂ ಹಾಗೇ ಮುಟ್ಟಿ ನೋಡುತ್ತಿದ್ದೆವು. ತಣ್ಣಗಿತ್ತು. ಅವಳ ಕೈ ಮುಟ್ಟಿದೆ. ಅದು ಇನ್ನೂ ತಣ್ಣಗಿತ್ತು, ಉಗುರು ನೀಲಿಗಟ್ಟಿತ್ತು. ದವಡೆ ಬಿಗಿಹಿಡಿದು ಮಲಗಿದ್ದಳು, ಹಲ್ಲು ಕಟಕಟಿಸುವುದು ಯಾರಿಗೂ ಕೇಳಬಾರದೆಂದು.

"ಪ್ರತಿ ಸಲ ಹಿಂಗೇನಾ?" ಎಂದೆ.

"ಸ್ವಲ್ಪ ತಣ್ಣಗಿರುತ್ತೆ," ಎಂದಳು, ಕಣ್ಣು ಬಿಡದೆ.

ನರ್ಸನ್ನು ಕರೆದೆ. "ಅಮ್ಮಾ, ಇವಳಿಗೆ ಚಳಿ. ಇದರಲ್ಲಿ ಹರಿಯೋ ನೀರಿನ ಬಿಸಿ ಎಷ್ಟಿಟ್ಟಿದ್ದೀರ? ಹೆಚ್ಚಿಸೋಕೆ ಬರಲ್ವಾ?"

ಅವಳು ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಬರುತ್ತೆ. ರಕ್ತದೊತ್ತಡ ಸರಿಯಾಗಿದ್ರೆ ಒಂದು ಡಿಗ್ರಿ ಏರಿಸಬಹುದು, ಡಾಕ್ಟರನ್ನ ಒಂದು ಮಾತು ಕೇಳ್ತೀನಿ. ಬಿಸಿ ಮಾಡಿದ ಕಂಬಳಿನೂ ಇದೆ, ಆ ಪೆಟ್ಟಿಗೆ ತುಂಬಾ. ಎಲ್ವಿ, ಪ್ರತಿ ಸಲವೂ ಹೇಗಿದ್ದೀರ ಅಂತ ಕೇಳ್ತೀನಲ್ಲ. ಎರಡು ವರ್ಷದಿಂದ ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ ಅಂತ್ಲೇ ಅಂದ್ರಿ."

ನರ್ಸ್ ಒತ್ತಡ ಅಳೆದು, ಫೋನಿನಲ್ಲಿ ಕೇಳಿ, ಮಿಷನ್ನಿನ ಗುಂಡಿ ಒತ್ತಿದಳು. ಎರಡು ಕಂಬಳಿ ತಂದು ಕಾಲಿನಿಂದ ಗಲ್ಲದವರೆಗೆ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಅಕ್ಕನ ದವಡೆ ಸಡಿಲವಾಯಿತು. ನಾನು ಮತ್ತೆ ಕೊಳವೆ ಮುಟ್ಟಿ ನೋಡಿದೆ. ಮಿಷನ್ನಿನ ಎಡಗಡೆಯ ಅಂಕಿ ಏಕೆ ಏರಿಳಿಯುತ್ತಿದೆ, ಅದಕ್ಕೆ ಮಿತಿ ಎಷ್ಟು, ಈ ಫಿಲ್ಟರನ್ನು ಪ್ರತಿ ಸಲ ಬದಲಿಸುತ್ತಾರೋ ಇಲ್ಲವೋ ಎಂದು ನರ್ಸನ್ನು ಒಂದೊಂದಾಗಿ ಕೇಳತೊಡಗಿದೆ.

"ಲೋ," ಎಂದಳು ಅಕ್ಕ ಕಂಬಳಿಯೊಳಗಿಂದ. "ಬಾಯಿ ಮುಚ್ಕೊಂಡು ಕೂತ್ಕೋ. ನಿದ್ದೆ ಬರ್ತಾ ಇದೆ."

ನರ್ಸ್ ನನ್ನ ಕಡೆ ಬಗ್ಗಿ, "ಇಲ್ಲಿ ಇವರು ಒಂದು ದಿನಾನೂ ನಿದ್ದೆ ಮಾಡಿದ್ದಿಲ್ಲ," ಎಂದು ಪಿಸುಗುಟ್ಟಿದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಇನ್ನೂ ಎರಡು ಗಂಟೆ ನಲವತ್ತು ನಿಮಿಷ ಬಾಕಿ ಇತ್ತು.